ಮೂರನೆಯ ಸೀಸೆ

ಆ ಕಟ್ಟಡದಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಬಾಗಿಲ ಕಾವಲಿನವನಿಂದ ಹಿಡಿದು ಮುಖ್ಯಸ್ಥರ ತನಕ ಎಲ್ಲರ ಬಾಯಲ್ಲೂ ಅವನು ಜೀವಂತಣ್ಣ. ಮೂವತ್ತೊಂದು ವರ್ಷದಿಂದ ಒಂದೇ ಮೇಜು, ಒಂದೇ ಬಿಳಿ ನಿಲುವಂಗಿ, ಒಂದೇ ಪದ. ಫ್ರೀಜರಿನಿಂದ ಬೆರಳುದ್ದದ ಸೀಸೆ ತೆಗೆಯುವುದು, ಅದರೊಳಗಿನ ಬ್ಯಾಕ್ಟೀರಿಯಾವನ್ನು ಗಾಜಿನ ತಟ್ಟೆಯ ಮೇಲೆ ಗೀಚುವುದು, ಎರಡು ದಿನ ಕಾಯುವುದು, ಚುಕ್ಕೆಗಳೆದ್ದರೆ ಪ್ರಮಾಣಪತ್ರದ ಮೇಲೆ ‘ಜೀವಂತ’ ಎಂದು ಬರೆದು ಸಹಿ ಹಾಕುವುದು. ಎಷ್ಟು ಸಾವಿರ ಸಲ ಬರೆದಿದ್ದನೋ, ಆ ಪದ ಬರೆಯುವಾಗ ಅವನು ಕಾಗದ ನೋಡುತ್ತಲೇ ಇರಲಿಲ್ಲ.

ಅದು ಸೂಕ್ಷ್ಮಜೀವಿಗಳ ಬ್ಯಾಂಕು. ನಗಬೇಡಿ, ಅಂಥದ್ದೊಂದು ಇರುತ್ತದೆ. ಪೇಟೆಂಟ್ ಅಂದರೆ ಒಂದು ಒಪ್ಪಂದ: ನೀನು ಕಂಡುಹಿಡಿದದ್ದನ್ನು ಬಚ್ಚಿಡದೆ ಲೋಕಕ್ಕೆಲ್ಲ ಬಿಡಿಸಿ ಹೇಳು, ಇಪ್ಪತ್ತು ವರ್ಷ ನಿನ್ನ ಅಪ್ಪಣೆಯಿಲ್ಲದೆ ಯಾರೂ ಅದಕ್ಕೆ ಕೈ ಹಾಕದಂತೆ ನಾವು ನೋಡಿಕೊಳ್ಳುತ್ತೇವೆ, ಅನ್ನುತ್ತದೆ ಕಾನೂನು. ಯಂತ್ರ ಕಂಡುಹಿಡಿದವನು ಅದರ ಚಿತ್ರ ಬರೆದು ಕೊಟ್ಟಾನು. ಬ್ಯಾಕ್ಟೀರಿಯಾ ಪಳಗಿಸಿದವರು ಏನು ಬರೆದು ಕೊಡಬೇಕು? ಎಷ್ಟು ಪುಟ ಬರೆದರೂ ಆ ಪುಟದೊಳಗಿಂದ ಜೀವ ಎದ್ದು ಬರುವುದಿಲ್ಲ. ಅದಕ್ಕೇ ಆ ಜೀವವನ್ನೇ ತಂದು ಬ್ಯಾಂಕಿನಲ್ಲಿಡಬೇಕು. ನಾಳೆ ಯಾರಾದರೂ ನಿನ್ನ ಮಾತು ಸುಳ್ಳೆಂದರೆ ಸೀಸೆ ತೆಗೆದು ಪರೀಕ್ಷಿಸುತ್ತಾರೆ. ಸೀಸೆಯೊಳಗಿನದು ಹೇಳಿದ ಕೆಲಸ ಮಾಡಿದರೆ ಪೇಟೆಂಟ್ ನಿಂತಿತು, ಮಾಡದಿದ್ದರೆ ಬಿತ್ತು.

ಈಗ ಬೀಳುವುದಕ್ಕೆ ಸಿದ್ಧವಾಗಿದ್ದದ್ದು ಗಂಜಿ ಮೇಡಂ ಅವರ ಪೇಟೆಂಟ್. ಅವರು ಎರಡು ಕೋಣೆಯ ಪ್ರಯೋಗಾಲಯ ಇಟ್ಟುಕೊಂಡಿದ್ದ ವಿಜ್ಞಾನಿ. ಬಟ್ಟೆ ಗಿರಣಿಯ ಹಿಂದಿನ ಚರಂಡಿಯಿಂದ ಒಂದು ಬ್ಯಾಕ್ಟೀರಿಯಾ ಹಿಡಿದು ತಂದು, ಐದು ವರ್ಷ ಅದರ ಬೆನ್ನು ಬಿದ್ದು, ನೇಯುವಾಗ ನೂಲಿಗೆ ಹಚ್ಚಿದ ಗಂಜಿಯನ್ನು ತಣ್ಣೀರಿನಲ್ಲೇ ತಿಂದು ಮುಗಿಸುವ ಹಾಗೆ ಪಳಗಿಸಿದ್ದರು. ಗಂಜಿ ಬಿಡಿಸಲು ನೀರು ಕುದಿಸುವ ಗೋಜೇ ಇಲ್ಲ. ಹದಿನಾಲ್ಕು ವರ್ಷದ ಹಿಂದೆ ಹತ್ತು ಸೀಸೆಗಳಲ್ಲಿ ಅದನ್ನು ತುಂಬಿ ತಂದು ಜೀವಂತಣ್ಣನ ಕೈಗೇ ಒಪ್ಪಿಸಿ ಹೋಗಿದ್ದರು. ಆಮೇಲೆ ಒಂದು ದೊಡ್ಡ ಕಂಪನಿ ಅವರನ್ನು ಕೇಳದೆ, ಹೇಳದೆ ಅದೇ ಉಪಾಯ ಬಳಸತೊಡಗಿತು. ಮೇಡಂ ಕೋರ್ಟಿಗೆ ಹೋದರು. ಕಂಪನಿಯ ತಜ್ಞ ಬ್ಯಾಂಕಿನಿಂದ ಸೀಸೆ ತರಿಸಿಕೊಂಡು ಪರೀಕ್ಷೆ ಮಾಡಿ ವರದಿ ಕೊಟ್ಟ: ಈ ಬ್ಯಾಕ್ಟೀರಿಯಾ ಗಂಜಿಯನ್ನು ಮೂಸಿಯೂ ನೋಡುವುದಿಲ್ಲ, ಈಕೆ ಪೇಟೆಂಟ್ ಕಚೇರಿಗೆ ಸುಳ್ಳು ಹೇಳಿದ್ದಾರೆ.

ವರದಿಯ ಜೊತೆ ಫೋಟೋ ಇತ್ತು. ಗಂಜಿ ಬೆರೆಸಿದ ತಟ್ಟೆಯ ಮೇಲೆ ಅಯೋಡಿನ್ ಸುರಿದರೆ ತಟ್ಟೆಯೆಲ್ಲ ಶಾಯಿಯಂತೆ ಕಪ್ಪಾಗುತ್ತದೆ, ಬ್ಯಾಕ್ಟೀರಿಯಾ ಗಂಜಿ ತಿಂದ ಜಾಗ ಮಾತ್ರ ಬೆಳ್ಳಗೆ ಬಳೆಯ ಹಾಗೆ ಉಳಿಯುತ್ತದೆ. ಫೋಟೋದಲ್ಲಿ ಬಳೆ ಇರಲಿಲ್ಲ. ತಟ್ಟೆ ಪೂರ್ತಿ ಕಪ್ಪು.

ಗುರುವಾರ ಮುಖ್ಯಸ್ಥರು ಆ ಫೋಟೋ ತಂದು ಅವನ ಮೇಜಿನ ಮೇಲಿಟ್ಟರು.

“ಪಾಪ, ಹೆಂಗಸು ಕೆಟ್ಟಳು. ತಪ್ಪು ಸೀಸೆ ಕೊಟ್ಟಿರ್ಬೇಕು ಆವತ್ತು. ಕೋರ್ಟಿಗೆ ನಮ್ಮಿಂದ ಒಂದು ಪತ್ರ ಬೇಕಂತೆ. ಹದಿನಾಲ್ಕು ವರ್ಷದ ಹಿಂದೆ ಕೊಟ್ಟಿದ್ದೇ ಇದು, ನಮ್ಮ ಹತ್ರ ಏನೂ ಬದಲಾಗಿಲ್ಲ ಅಂತ. ಸೋಮವಾರ ಕಳಿಸ್ಬೇಕು. ನಿಮ್ಮ ಸಹೀನೇ ಆಗ್ಬೇಕು.”

“ಆಯ್ತು ಸಾರ್,” ಅಂದ ಜೀವಂತಣ್ಣ. ಅಂದವನೇ ಎದ್ದು ಕೈ ತೊಳೆದುಕೊಂಡು ಬಂದ. ಕೂತ. ಮತ್ತೆ ಎದ್ದು ಹೋಗಿ ಕೈ ತೊಳೆದುಕೊಂಡು ಬಂದ.

ಅವನಿಗೆ ಗೊತ್ತಿತ್ತು. ಈ ಭೂಮಿಯ ಮೇಲೆ ಅವನೊಬ್ಬನಿಗೇ ಗೊತ್ತಿತ್ತು. ತಪ್ಪು ಸೀಸೆ ಇಟ್ಟವನು ಅವನೇ.

ಅದು ಹನ್ನೆರಡು ವರ್ಷದ ಹಿಂದಿನ ಮಾತು. ಫ್ರೀಜರಿಗೆ ಒಂದು ಅಲಾರಂ ಇತ್ತು, ಒಳಗೆ ಚಳಿ ಕಡಿಮೆಯಾದರೆ ಕೂಗಬೇಕಾದದ್ದು. ಅದು ಮುಚ್ಚಳದ ಮೇಲೆ ಹಿಮ ಕಟ್ಟಿದರೂ ಕೂಗುತ್ತಿತ್ತು, ಯಾರಾದರೂ ಜೋರಾಗಿ ಬಾಗಿಲು ಹಾಕಿದರೂ ಕೂಗುತ್ತಿತ್ತು. ಒಂದು ಶುಕ್ರವಾರ ಬೆಳಗಿನಿಂದ ಕೂಗಿ ಕೂಗಿ ಅವನ ತಲೆ ಸಿಡಿದುಹೋಗುವಂತಾಯಿತು. ತಂತಿ ಕಿತ್ತು ಹಾಕಿದ. ಸಂಜೆ ಸಿಕ್ಕಿಸಿದರಾಯಿತು ಅಂದುಕೊಂಡವನು ಭಾವಮೈದುನನ ಮನೆ ಸಾಮಾನು ಸಾಗಿಸುವ ಅವಸರದಲ್ಲಿ ಮರೆತು ಹೋದ. ಮೂರು ದಿನ ರಜೆ. ಆ ಮೂರು ದಿನದಲ್ಲಿ ಫ್ರೀಜರಿನ ಫ್ಯೂಸು ಹೋಗಿ ಕರೆಂಟು ನಿಂತಿತು, ಅಲಾರಂ ಕೂಗಲಿಲ್ಲ, ಯಾರಿಗೂ ತಿಳಿಯಲಿಲ್ಲ. ಅವನು ವಾಪಸು ಬಂದು ಮುಚ್ಚಳ ತೆಗೆದಾಗ ಒಳಗಿನ ಹಿಮವೆಲ್ಲ ಕರಗಿ ನೀರು ನಿಂತಿತ್ತು.

ಅವತ್ತು ಅವನ ಜೀವ ಬಾಯಿಗೆ ಬಂದಿತ್ತು. ಯಾರಿಗೂ ಹೇಳದೆ ಕರೆಂಟು ಹಾಕಿದ, ತಂತಿ ಸಿಕ್ಕಿಸಿದ, ಫ್ರೀಜರಿನಲ್ಲಿದ್ದ ಎಲ್ಲರ ಸೀಸೆಗಳಲ್ಲೂ ಎರಡೆರಡು ತೆಗೆದು ತಟ್ಟೆಗೆ ಹಾಕಿದ. ಎರಡು ದಿನ ಕಾದ. ಬ್ಯಾಕ್ಟೀರಿಯಾ ಅಂದರೆ ಗಟ್ಟಿ ಪಿಂಡ, ನೂರಾರು ಠೇವಣಿಗಳಲ್ಲಿ ಒಂದನ್ನು ಬಿಟ್ಟು ಎಲ್ಲವೂ ಎದ್ದವು. ಏಳದೆ ಉಳಿದದ್ದು ಗಂಜಿ ಮೇಡಂ ಅವರದು. ಒಂದನೆಯ ಸೀಸೆಯ ತಟ್ಟೆ ಖಾಲಿ. ಎರಡನೆಯದೂ ಖಾಲಿ. ಅವತ್ತೇ ಮಧ್ಯಾಹ್ನ ಬ್ಯಾಂಕಿನ ತಪಾಸಣೆ, ಕೈಯಲ್ಲಿ ಉಳಿದದ್ದು ಕೆಲವೇ ಗಂಟೆ.

ನಿಯಮ ಏನೂ ಕಷ್ಟದ್ದಲ್ಲ. ಠೇವಣಿ ಸತ್ತರೆ ಇಟ್ಟವರಿಗೆ ಬರೆದು ತಿಳಿಸಬೇಕು. ಅವರು ಮೂರು ತಿಂಗಳೊಳಗೆ ತಮ್ಮ ಹತ್ತಿರ ಇರುವುದನ್ನೇ ಹೊಸದಾಗಿ ತಂದಿಡುತ್ತಾರೆ. ಪೇಟೆಂಟಿಗೆ ಕೂದಲೂ ಕೊಂಕುವುದಿಲ್ಲ. ಆದರೆ ಹಾಗೆ ಬರೆದರೆ ಯಾಕೆ ಸತ್ತಿತು ಅಂತ ಕೇಳುತ್ತಾರೆ. ಯಾಕೆ ಅಂದರೆ ಅಲಾರಂ. ಅಲಾರಂ ಅಂದರೆ ತಂತಿ. ತಂತಿ ಅಂದರೆ ಜೀವಂತಣ್ಣ.

ಅವನ ಮೇಜಿನ ಮೇಲೆ ಅದೇ ಬ್ಯಾಕ್ಟೀರಿಯಾದ ಒಂದು ಕೊಳವೆ ಇತ್ತು. ಠೇವಣಿ ಬಂದಾಗಿನ ಪರೀಕ್ಷೆ ಮುಗಿದ ಮೇಲೆ ಅದನ್ನು ನಾಶ ಮಾಡಬೇಕಾಗಿತ್ತು. ಅದರ ಚುಕ್ಕೆಗಳು ಇಸ್ತ್ರಿ ಕಾಣದ ಬಟ್ಟೆಯ ಹಾಗೆ ಸುಕ್ಕುಸುಕ್ಕಾಗಿ ಚೆಂದ ಕಾಣುತ್ತಿದ್ದವೆಂದು ಇವನು ಎರಡು ವರ್ಷದಿಂದ ಮೊಲ ಸಾಕುವವರ ಹಾಗೆ ಸಾಕಿಕೊಂಡಿದ್ದ. ವಾರ ವಾರ ಹೊಸ ಕೊಳವೆಗೆ ದಾಟಿಸುತ್ತಿದ್ದ, ಗಂಜಿಯಿಲ್ಲದ ಪುಷ್ಕಳ ಆಹಾರ ಕೊಡುತ್ತಿದ್ದ. ಆ ಕೊಳವೆಯಿಂದ ಹತ್ತು ಹೊಸ ಸೀಸೆ ತುಂಬಿದ, ಅದೇ ಸಂಖ್ಯೆ, ಅದೇ ಹಳೆಯ ತಾರೀಕು ಬರೆದು ಜಾಗಕ್ಕಿಟ್ಟ. ತಪಾಸಣೆಯವರು ನೋಡಿ ತಲೆಯಾಡಿಸಿ ಹೋದರು.

ಕೂತಲ್ಲಿಗೇ ಊಟ ಬರುತ್ತಿದ್ದರೆ ಯಾರು ಮೈ ಬಗ್ಗಿಸುತ್ತಾರೆ? ಆ ಬ್ಯಾಕ್ಟೀರಿಯಾ ಎರಡು ವರ್ಷದಲ್ಲಿ ಗಂಜಿ ತಿನ್ನುವ ಕಸುಬನ್ನೇ ಮರೆತಿತ್ತು. ಆದರೆ ಪ್ರಮಾಣಪತ್ರದಲ್ಲಿ ಕೇಳಿದ್ದು ಬದುಕಿದೆಯೋ ಇಲ್ಲವೋ ಎಂದಷ್ಟೇ. ಬದುಕಿತ್ತು. ಎರಡು ವರ್ಷಕ್ಕೊಂದರಂತೆ ಆರು ಸಲ ‘ಜೀವಂತ’ ಎಂದು ಬರೆದು ಮೇಡಂಗೆ ಕಳಿಸಿದ. ನಾನು ಸುಳ್ಳೇನೂ ಬರೆದಿಲ್ಲವಲ್ಲ ಎಂದು ಅಷ್ಟು ಸಲವೂ ತನಗೆ ತಾನೇ ಹೇಳಿಕೊಂಡ. ಮನುಷ್ಯನಿಗೆ ತನಗೆ ಬೇಕಾದ ಕಡೆ ಬುದ್ಧಿ ಎಷ್ಟು ಚುರುಕಾಗಿ ಓಡುತ್ತದೆ ನೋಡಿ.

ಹಳೆಯ ಎಂಟು ಸೀಸೆಗಳ ಕತೆ ಬೇರೆ. ಅವನ್ನು ಸುಮ್ಮನೆ ಎಸೆಯುವ ಹಾಗಿಲ್ಲ, ಹಬೆಯಲ್ಲಿ ಬೇಯಿಸಿ ನಾಶ ಮಾಡಬೇಕು, ಅದಕ್ಕೆ ಇನ್ನೊಬ್ಬರ ಸಹಿ ಬೇಕು. ಯಾರನ್ನು ಕರೆಯುತ್ತಾನೆ? ಎಂಟನ್ನೂ ಒಂದು ಅಲ್ಯೂಮಿನಿಯಂ ಡಬ್ಬಿಯೊಳಗೆ ಹಾಕಿ, ಮೇಲೆ ‘ಖಾಲಿ’ ಎಂದು ಬರೆದು ಫ್ರೀಜರಿನ ತಳಕ್ಕೆ ತುರುಕಿದ. ಒಂದನೆಯ ಫ್ರೀಜರಿನ ತಪಾಸಣೆ ಬಂದರೆ ಡಬ್ಬಿ ಎರಡನೆಯದಕ್ಕೆ, ಎರಡನೆಯದರದ್ದು ಬಂದರೆ ಮೂರನೆಯದಕ್ಕೆ. ಹೀಗೆ ಹನ್ನೆರಡು ವರ್ಷ ಆ ಡಬ್ಬಿಯನ್ನು ಕಳ್ಳಬೆಕ್ಕು ಮರಿ ಹೊತ್ತ ಹಾಗೆ ಹೊತ್ತು ತಿರುಗಿದ. ಒಂದು ಸಲವೂ ಮುಚ್ಚಳ ತೆಗೆಯಲಿಲ್ಲ.

ಶನಿವಾರ ಮನೆಯಲ್ಲಿ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಕಿಟಕಿ ತೆಗೆದ, ಹಾಕಿದ. ಸರಿಯಾಗಿಯೇ ಇದ್ದ ನಲ್ಲಿ ಬಿಚ್ಚಿ, ಮತ್ತೆ ಜೋಡಿಸಲು ಹೋಗಿ ಸೋರುವಂತೆ ಮಾಡಿದ. ಅವನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಹೊಲಿಗೆ ಯಂತ್ರದ ಮೇಲಿಂದ ತಲೆ ಎತ್ತದೆಯೇ ಎಲ್ಲ ನೋಡುತ್ತಿದ್ದಳು.

“ಏನ್ರೀ, ಕಾಲಿಗೆ ಚಕ್ರ ಕಟ್ಕೊಂಡಿದೀರಾ? ಇನ್ನು ನಾಲ್ಕು ತಿಂಗಳಿಗೆ ನಿವೃತ್ತಿ ಆಗಿ ನೀವು ಹೀಗೇ ಮನೆ ತುಂಬ ಓಡಾಡೋದಾದ್ರೆ ನಾನೇ ಎಲ್ಲಾದ್ರೂ ಕೆಲಸಕ್ಕೆ ಸೇರ್ಕೋತೀನಿ.”

“ಏನಿಲ್ಲ ಕಣೇ.”

“ಏನಿಲ್ಲ ಅಂದ್ರೆ ಏನೋ ಇದೆ ಅಂತ. ಹೊಟ್ಟೇಲಿ ಇಟ್ಕೊಂಡು ನನ್ನ ಹೊಟ್ಟೆ ಉರಿಸ್ಬೇಡಿ. ಉಗುಳಿ.”

ಹೇಳಿಬಿಡೋಣ ಅನ್ನಿಸಿತು. ಬಾಯಿಯ ತನಕ ಬಂತು. “ನಲ್ಲಿಗೆ ಹೊಸ ವಾಷರ್ ತರ್ತೀನಿ,” ಎಂದು ಚಪ್ಪಲಿ ಮೆಟ್ಟಿ ಹೊರಗೆ ಹೋದ. ಬೀದಿ ತುದಿಯ ಅಂಗಡಿಯಲ್ಲಿ ವಾಷರ್ ಸಿಗುತ್ತಿತ್ತು. ಅದನ್ನು ದಾಟಿ ಮೂರು ಬೀದಿ ನಡೆದು, ಏನೂ ತರದೆ ವಾಪಸು ಬಂದ.

ಸೋಮವಾರ ಬೆಳಿಗ್ಗೆ ಪತ್ರ ಟೈಪಾಗಿ ಬಂದಿತ್ತು. ಪೆನ್ನಿನ ಮುಚ್ಚಳ ತೆಗೆದ. ಅಷ್ಟರಲ್ಲಿ ಕಾವಲಿನವನು ಬಂದು, “ಜೀವಂತಣ್ಣ, ನಿಮ್ಮನ್ನ ನೋಡೋಕೆ ಗಂಜಿ ಮೇಡಂ ಬಂದಿದಾರೆ,” ಅಂದ. ಇವನು ಪೆನ್ನಿಗೆ ಮುಚ್ಚಳ ಹಾಕಿ ಎದ್ದ.

ಅವರು ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದರು. ಹದಿನಾಲ್ಕು ವರ್ಷದ ಹಿಂದೆ ಎರಡೆರಡು ಮೆಟ್ಟಿಲು ಹಾರಿ ಬಂದಿದ್ದ ಹೆಂಗಸು. ಈಗ ಕಣ್ಣ ಕೆಳಗೆ ಕಪ್ಪು, ತೊಡೆಯ ಮೇಲೊಂದು ಫೈಲು. ಅವನನ್ನು ಕಂಡು ಎದ್ದು ನಿಂತರು. ಬೈಯುವುದಕ್ಕೆ ಬಂದಿದ್ದಾರೆ ಅಂದುಕೊಂಡ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ನಿಮಗೆ ತೊಂದ್ರೆ ಕೊಡ್ತಿದೀನಿ. ಒಂದೇ ಒಂದು ಕೇಳ್ಬೇಕಿತ್ತು. ನಾನು ಸೀಸೆ ತಂದುಕೊಟ್ಟ ದಿನ ನೆನಪಿದೆಯಾ ನಿಮಗೆ? ನಾನು ಹೇಗಿದ್ದೆ? ಗಾಬರಿಯಾಗಿದ್ನಾ?”

“ಯಾಕೆ ಮೇಡಂ?”

“ಆ ವಾರ ನಮ್ಮಮ್ಮ ಆಸ್ಪತ್ರೇಲಿದ್ರು. ಅಲ್ಲಿಂದ ಪ್ರಯೋಗಾಲಯಕ್ಕೆ, ಪ್ರಯೋಗಾಲಯದಿಂದ ಅಲ್ಲಿಗೆ ಓಡಾಡ್ತಿದ್ದೆ. ಬೇರೆ ಯಾವ್ದೋ ಕೊಳವೆಯಿಂದ ತುಂಬಿಬಿಟ್ನೇನೋ. ಎರಡು ತಿಂಗಳಿಂದ ಅದೇ ಯೋಚನೆ. ಒಂದೊಂದು ಸಲ ಹಾಗೇ ಆಯ್ತು ಅಂತ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತೆ.” ಫೈಲು ಬಿಚ್ಚಿದರು. ಅದರಲ್ಲಿ ಆರು ಪ್ರಮಾಣಪತ್ರಗಳು, ಆರರಲ್ಲೂ ಅವನ ಸಹಿ. “ನೀವು ಮಾತ್ರ ನಿಮ್ಮ ಕೆಲಸ ಸರಿಯಾಗಿ ಮಾಡಿದೀರಿ. ಹಾಗಾಗಿ ತಪ್ಪು ನನ್ನದೇ ಆಗಿರ್ಬೇಕು. ನಾಳೆ ನಮ್ಮ ವಕೀಲರಿಗೆ ಹಾಗಂತ ಹೇಳಿ ಕೇಸು ಬಿಟ್ಟುಬಿಡೋಣ ಅಂತ.”

ಕೇಸು ಹೋಗುವುದು, ಪೇಟೆಂಟ್ ಬೀಳುವುದು ಒಂದು ಮಾತು. ಇದು ಬೇರೆಯೇ. ಈಕೆ ಮಾಡದ ತಪ್ಪನ್ನು ಮಾಡಿದೆನೆಂದು ಕಣ್ಣಾರೆ ಕಂಡಂತೆ ನೆನಪು ಮಾಡಿಕೊಳ್ಳತೊಡಗಿದ್ದರು. ಹನ್ನೆರಡು ವರ್ಷ ಅವನು ಹೊತ್ತ ಡಬ್ಬಿಯನ್ನು ಈಕೆಯ ತಲೆಗೆ ಹೊರಿಸಿ ಆಗಿತ್ತು.

“ನೀವು ತುಂಬಿದ್ದು ಸರಿಯಾಗೇ ಇತ್ತು ಮೇಡಂ,” ಅಂದ. “ಬದಲಾಯಿಸಿದವನು ನಾನು.”

ನಿಂತೇ ಎಲ್ಲ ಹೇಳಿದ. ಅಲಾರಂ, ತಂತಿ, ರಜೆ, ಕೊಳವೆ. ಹೇಳುವಾಗ ಗೋಡೆಯ ಮೇಲಿನ ಸ್ವಿಚ್ಚನ್ನು ಹಾಕುತ್ತ, ತೆಗೆಯುತ್ತ ಇದ್ದ. ಕಾರಿಡಾರಿನ ದೀಪ ಹತ್ತಿ ಆರಿ ಹತ್ತಿ ಆರಿ ಮಾಡಿತು. ಮೇಡಂ ಮೊದಲು ಬೆಂಚಿನ ಮೇಲೆ ಕುಸಿದು, “ಅಯ್ಯೋ ದೇವರೇ, ನಾನಲ್ವಾ ಹಾಗಾದ್ರೆ? ನಾನಲ್ಲ!” ಎಂದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಆಮೇಲೆ ಕೈ ತೆಗೆದರು. ಆ ಮುಖ ನೋಡಿ ಅವನು ಒಂದು ಹೆಜ್ಜೆ ಹಿಂದೆ ಸರಿದ.

“ಥೂ! ನೀವು ಮನುಷ್ಯರೇನ್ರೀ? ಒಂದು ಸಾಲು ಬರೆದಿದ್ರೆ ಮಾರನೇ ದಿನ ಹತ್ತು ಸೀಸೆ ತಂದು ನಿಮ್ಮ ಮೇಜಿನ ಮೇಲೆ ಇಡ್ತಿದ್ದೆ!”

“ಈಗಲೂ ತಂದಿಡ್ಬಹುದು ಮೇಡಂ. ಮೂರು ತಿಂಗಳು ಸಮಯ ಇರುತ್ತೆ. ನಾನು ಬರೆದುಕೊಡ್ತೀನಿ...”

“ಎಲ್ಲಿಂದ ತರ್ಲಿ?” ಮೇಡಂ ಫೈಲನ್ನು ಅವನ ಎದೆಗೆ ಒತ್ತಿ ಹಿಡಿದರು. “ಪ್ರಯೋಗಾಲಯ ಮುಚ್ಚಿ ಐದು ವರ್ಷ ಆಯ್ತು. ಎಲ್ಲಾ ಬೇಯಿಸಿ ಎಸೆದೆ. ಬ್ಯಾಂಕಲ್ಲಿ ಜೀವಂತ ಇದೆಯಲ್ಲ ಅಂತ ನಿಮ್ಮ ಈ ಸಹಿ ನೋಡಿ, ಈ ಸಹಿ ನಂಬಿ ಎಸೆದೆ!”

ಸ್ವಿಚ್ಚಿನ ಮೇಲಿದ್ದ ಅವನ ಕೈ ನಿಂತಿತು.

“ಹಳೇ ಸೀಸೆಗಳನ್ನ ಏನ್ಮಾಡಿದ್ರಿ?” ಕೊನೆಗೆ ಮೇಡಂ ಕೇಳಿದರು.

“ಇವೆ. ಡಬ್ಬಿಯಲ್ಲಿ. ಸತ್ತಿವೆ ಮೇಡಂ.”

“ಹತ್ತೂ ನೋಡಿದ್ರಾ?”

“ಎರಡು.”

“ಎರಡು,” ಅಂದರು ಮೇಡಂ. ಅವರು ಅವನನ್ನು ನೋಡಿದ ರೀತಿಗೆ ಅವನು ನೆಲ ನೋಡಿದ.

ಮುಖ್ಯಸ್ಥರು ಕೇಳಿ ತಲೆ ಮೇಲೆ ಕೈ ಹೊತ್ತು ಕೂತರು. “ಜೀವಂತಣ್ಣ, ನಿಮ್ಮ ಮೇಲೆ ಕಣ್ಣು ಮುಚ್ಕೊಂಡು ನಂಬಿಕೆ ಇಟ್ಟಿದ್ದೆ. ಅದೇ ನನ್ನ ತಪ್ಪು, ಕಣ್ಣು ಮುಚ್ಕೊಂಡಿದ್ದು,” ಅಂದರು. ಕೂಗಾಡಿದರು. ಆಮೇಲೆ ಕೋರ್ಟಿಗೆ ತಿಳಿಸಿದರು. ಬುಧವಾರ ಕಂಪನಿಯ ತಜ್ಞನೂ ಬಂದು ಕುರ್ಚಿ ಎಳೆದು ಕೂತ. ಎಲ್ಲರ ಎದುರು ಡಬ್ಬಿಯ ಮುಚ್ಚಳ ತೆಗೆದರು. ಎಂಟು ಸೀಸೆ, ಮೂರರಿಂದ ಹತ್ತರವರೆಗೆ ಸಂಖ್ಯೆ, ಮೇಡಂ ಅವರದೇ ದುಂಡು ಕೈಬರಹ. ಗೀಚುವ ಕೆಲಸ ಮುಖ್ಯಸ್ಥರೇ ಮಾಡಿದರು. ಜೀವಂತಣ್ಣನಿಗೆ ಮುಟ್ಟಲು ಬಿಡಲಿಲ್ಲ. ಅವನು ಬಾಗಿಲ ಹತ್ತಿರ ನಿಂತು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತ ನೋಡಿದ. ಗಂಜಿ ಬೆರೆಸಿದ ಎಂಟು ತಟ್ಟೆ. ಎಂಟಕ್ಕೂ ಬೀಗ, ಮುದ್ರೆ.

ಶುಕ್ರವಾರ ತೆಗೆದಾಗ ಎಂಟೂ ಖಾಲಿ.

“ಮುಗೀತಲ್ಲ,” ಎಂದು ತಜ್ಞ ಎದ್ದ.

“ಕೂತ್ಕೊಳ್ಳಿ. ಮೂರು ದಿನ ಕರಗಿ, ಹನ್ನೆರಡು ವರ್ಷ ಮತ್ತೆ ಹಿಮದಲ್ಲಿ ಬಿದ್ದಿದ್ದು ಎರಡೇ ದಿನಕ್ಕೆ ಮೈ ಕೊಡವಿ ಏಳುತ್ತಾ?” ಅಂದರು ಮೇಡಂ. “ಸೋಮವಾರ ನೋಡೋಣ.”

ಆ ಶನಿವಾರ, ಭಾನುವಾರ ಜೀವಂತಣ್ಣ ಹೇಗೆ ಕಳೆದನೋ ಅವನಿಗೇ ಗೊತ್ತು. ಹೆಂಡತಿಗೆ ಎಲ್ಲ ಹೇಳಿಯಾಗಿತ್ತು. ಅವಳು ಬೈದು ಬೈದು ಸುಸ್ತಾಗಿ, “ಹನ್ನೆರಡು ವರ್ಷ ನನ್ನ ಪಕ್ಕ ಕೂತು ಉಂಡ್ರಲ್ಲ, ಒಂದು ತುತ್ತಿಗಾದ್ರೂ ನನಗೆ ಹೇಳ್ಬೇಕು ಅನ್ನಿಸ್ಲಿಲ್ವಾ?” ಎಂದು ಅತ್ತಿದ್ದಳು. ಅವನು ಸೋರುವ ನಲ್ಲಿಯ ಕೆಳಗೆ ಬಕೆಟ್ಟು ಇಟ್ಟ, ತುಂಬಿದಾಗ ಚೆಲ್ಲಿದ, ಮತ್ತೆ ಇಟ್ಟ. ಕೆಲಸ ಹೋಗುವುದು ಖಾತ್ರಿಯಾಗಿತ್ತು, ಅದರ ಚಿಂತೆ ಎಲ್ಲೋ ಹಿಂದೆ ಬಿದ್ದಿತ್ತು. ಒಂದೇ ಒಂದು ಚುಕ್ಕೆ ಏಳಲಿ ಎಂದು ಯಾವ ದೇವರನ್ನು ಕೇಳಬೇಕೋ ತಿಳಿಯದೆ ಎಲ್ಲರನ್ನೂ ಕೇಳಿದ.

ಸೋಮವಾರ ಬೀಗ ತೆಗೆದರು. ಹತ್ತು, ಒಂಬತ್ತು, ಎಂಟು ಎಂದು ಮುಖ್ಯಸ್ಥರು ಮೇಲಿನಿಂದ ಒಂದೊಂದೇ ತಟ್ಟೆ ಇಳಿಸಿ ಬೆಳಕಿಗೆ ಹಿಡಿದರು. ಖಾಲಿ. ಖಾಲಿ. ಖಾಲಿ. ಏಳು, ಆರು, ಐದು, ನಾಲ್ಕು. ಖಾಲಿ. ಅಡಿಯಲ್ಲಿ ಉಳಿದದ್ದು ಮೂರನೆಯ ಸೀಸೆಯ ತಟ್ಟೆ. ಅದನ್ನು ಬೆಳಕಿಗೆ ಹಿಡಿದವರು ಇಳಿಸಲಿಲ್ಲ.

ನಾಲ್ಕು ಚುಕ್ಕೆ. ಸುಕ್ಕುಸುಕ್ಕಾದ, ಸಾಸಿವೆ ಗಾತ್ರದ ನಾಲ್ಕು ಚುಕ್ಕೆ.

ಅಯೋಡಿನ್ ತಾಗಿದರೆ ಅವು ಸಾಯುತ್ತವೆ. ಅದಕ್ಕೆ ಮೊದಲು ಒಂದೊಂದರಿಂದಲೂ ಚೂರು ತೆಗೆದು ಬೇರೆ ಇಟ್ಟುಕೊಂಡರು. ಆಮೇಲೆ ಮೇಡಂ ಬಾಟಲಿ ತೆಗೆದುಕೊಂಡು ತಾವೇ ಸುರಿದರು. ತಟ್ಟೆ ಕಪ್ಪಾಗುತ್ತ ಬಂತು, ಅಂಚಿನಿಂದ ನಡುವಿನವರೆಗೆ ಪೂರ್ತಿ ಕಪ್ಪಾಯಿತು. ನಾಲ್ಕು ಜಾಗ ಮಾತ್ರ ಆಗಲಿಲ್ಲ. ನಾಲ್ಕು ಬಿಳಿ ಬಳೆ, ಅಚ್ಚುಕಟ್ಟಾಗಿ. ತಜ್ಞ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಬಗ್ಗಿ ನೋಡಿದ. ಠೇವಣಿ ಇಟ್ಟ ದಿನ ತೆಗೆದಿಟ್ಟಿದ್ದ ಡಿಎನ್‌ಎ ಗುರುತಿನ ಜೊತೆ ಹೋಲಿಸಿದಾಗಲೂ ತಾಳೆಯಾಯಿತು. ಮೇಡಂ ಹೇಳಿದ್ದೆಲ್ಲ ನಿಜ. ಹದಿನಾಲ್ಕು ವರ್ಷವೂ ನಿಜವಾಗಿಯೇ ಇತ್ತು.

ಜೀವಂತಣ್ಣ ಬಾಗಿಲ ಚೌಕಟ್ಟು ಹಿಡಿದುಕೊಂಡ. ಅವತ್ತು ಒಂದನೆಯದು ತೆಗೆದಿದ್ದ. ಎರಡನೆಯದು ತೆಗೆದಿದ್ದ. ಕೈಯಳತೆಯಲ್ಲಿ, ಎರಡನೆಯದಕ್ಕೆ ಅಂಟಿಕೊಂಡೇ ನಿಂತಿತ್ತು ಈ ಮೂರನೆಯದು.

“ಯಾಕ್ರೀ ಇದನ್ನ ತೆಗೀಲಿಲ್ಲ ನೀವು?” ಮೇಡಂ ತಟ್ಟೆಯಿಂದ ಕಣ್ಣು ಕೀಳದೆ ಕೇಳಿದರು. ದನಿಯಲ್ಲಿ ಸಿಟ್ಟು ಇರಲಿಲ್ಲ. ನಿಜಕ್ಕೂ ತಿಳಿದುಕೊಳ್ಳಲು ಕೇಳಿದಂತಿತ್ತು.

“ಭಯ ಆಯ್ತು ಮೇಡಂ. ಇದೂ ಸತ್ತಿದ್ರೆ ಅಂತ.”

“ನಿಮ್ಮನ್ನ ಕ್ಷಮಿಸಿದೀನಿ ಅಂತ ಮಾತ್ರ ಅಂದ್ಕೋಬೇಡಿ.”

“ಇಲ್ಲ ಮೇಡಂ.”

ಹೊಸ ಪ್ರಮಾಣಪತ್ರ ಬರೆಯಬೇಕಿತ್ತು. ಅಭ್ಯಾಸ ನೋಡಿ, ಅವನ ಕೈ ಜೇಬಿನ ಪೆನ್ನಿಗೆ ಹೋಯಿತು. ಮುಖ್ಯಸ್ಥರು ತಲೆಯಲ್ಲಾಡಿಸಿ ತಾವೇ ಬರೆದು ಸಹಿ ಹಾಕಿದರು. ಅವನ ಮುಂದೆ ಇಟ್ಟದ್ದು ಹಳೆಯ ಆರು ಕಾಗದಗಳನ್ನು. ಒಂದೊಂದರ ಮೇಲೂ ಅಡ್ಡಗೆರೆ ಎಳೆದು, ‘ಈ ಸೀಸೆ ನಾನು ಬದಲಾಯಿಸಿದ್ದು’ ಎಂದು ಬರೆದು ಸಹಿ ಹಾಕಿದ. ಈ ಸಲ ಅಕ್ಷರ ಅಕ್ಷರವನ್ನೂ ನೋಡಿಕೊಂಡು ಬರೆದ. ಆರು ಮುಗಿಯಲು ಬಹಳ ಹೊತ್ತು ಹಿಡಿಯಿತು. ನಿಲುವಂಗಿ ಕಳಚಿ, ಮಡಚಿ, ಕುರ್ಚಿಯ ಮೇಲಿಟ್ಟು ಹೊರಟ.

ಮನೆ ಸೇರಿದಾಗ ಇನ್ನೂ ಮಧ್ಯಾಹ್ನ. ಹೆಂಡತಿ ಯಂತ್ರ ನಿಲ್ಲಿಸಿ ಅವನ ಮುಖ ನೋಡಿದಳು.

“ಕೆಲಸ?”

“ಹೋಯ್ತು.”

“ಸೀಸೆ?”

“ಜೀವಂತ,” ಅಂದ. ಅಷ್ಟು ಹೇಳಿ ನಿಂತಲ್ಲೇ ಚಿಕ್ಕ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತುಬಿಟ್ಟ. ಅವಳು ಪಕ್ಕದ ಕುರ್ಚಿಯ ಮೇಲಿದ್ದ ಬಟ್ಟೆ ರಾಶಿಯನ್ನು ತೆಗೆದು ನೆಲಕ್ಕಿಟ್ಟಳು. ಅವನು ಕೂತ. ಸಂಜೆಯ ತನಕ ಅಲ್ಲಿಂದ ಏಳಲಿಲ್ಲ.